ಕೈ ತೊಳೆದು ಕೊಟ್ಟ ತುತ್ತು

ಮಂಜು ಚೆನ್ನಾಗಿ ಬಿದ್ದ ವರ್ಷ ಅವರೆಕಾಯಿಗೆ ಸೊಗಡು ಜಾಸ್ತಿ. ಚೀಲದ ಬಾಯಿ ಬಿಗಿದು ಕಟ್ಟಿದರೂ ಆ ವಾಸನೆ ನಿಲ್ಲುವುದಿಲ್ಲ. ಈ ವರ್ಷ ಅದು ಮೊದಲು ನನ್ನ ಮೂಗಿಗೆ ಬಿದ್ದದ್ದು ಒಲೆಯ ಮುಂದೆ ಕೂತಿದ್ದಾಗ. ನಾವು ಈ ಸಲ ಕಾಯಿ ತಂದೇ ಇರಲಿಲ್ಲ. ಎದ್ದು ಹೊರಗೆ ಬಂದು ನೋಡಿದರೆ ಅಂಗಳದಲ್ಲಿ ನನ್ನ ತಂಗಿ ರತ್ನ ನಿಂತಿದ್ದಳು. ಕಾಲ ಹತ್ತಿರ ಒಂದು ಚೀಲ ಕಾಯಿ. ಚಿಂತಾಮಣಿ ಆಚೆಯ ಅವಳ ಹಳ್ಳಿಯಿಂದ ಜಂಗಮಕೋಟೆಗೆ ಬಸ್ಸಲ್ಲಿ ಬಂದು, ಅಲ್ಲಿಂದ ಆಟೋ ಹಿಡಿದು ನಮ್ಮೂರಿಗೆ ಬಂದವಳು ಕೂಗಲೂ ಇಲ್ಲ, ಒಳಗೂ ಬರಲಿಲ್ಲ.

"ಯಾಕೆ ಅಲ್ಲೇ ನಿಂತೆ? ಬಾ."

"ಸುಜಾತ ಇದಾಳಾ ಅಕ್ಕಾ?"

"ಅವಳ ಮನೆ. ಇರದೆ ಎಲ್ಲಿಗೆ ಹೋಗ್ತಾಳೆ?"

ರತ್ನ ಕದಲಲಿಲ್ಲ. ಬಾಗಿಲ ಪಕ್ಕ ಸ್ಟೂಲಿನ ಮೇಲೆ ನೀಲಿ ಬೇಸಿನ್ ಇದೆ, ಅದನ್ನೇ ನೋಡುತ್ತಿದ್ದಳು. ಬೇಸಿನ್ ತುಂಬ ನೀರು, ಪಕ್ಕದಲ್ಲಿ ಸೋಪು. ಹೋದ ವರ್ಷ ಹೇಗಿತ್ತೋ ಹಾಗೇ.

ಸುಜಾತ ನನ್ನ ಸೊಸೆ. ಹೋದ ಅವರೆಕಾಲದಿಂದ ಈ ಅವರೆಕಾಲದವರೆಗೆ ಅವಳು ರತ್ನನ ಜೊತೆ ಒಂದು ಮಾತು ಆಡಿಲ್ಲ. ಅದಕ್ಕೆ ಕಾರಣ ಹೇಳಬೇಕಾದರೆ ನನ್ನ ಮೊಮ್ಮಗಳ ವಿಷಯ ಹೇಳಬೇಕು.

ಅವಳಿಗೆ ಲಾಸ್ಯ ಎಂದು ಹೆಸರಿಟ್ಟಿದ್ದರು. ನನ್ನ ಬಾಯಿಗೆ ಅದು ಹೊರಳುತ್ತಿರಲಿಲ್ಲ. ಪುಟ್ಟಮ್ಮ ಎನ್ನುತ್ತಿದ್ದೆ. ಹುಟ್ಟಿದಾಗ ಅಳಲಿಲ್ಲ. ಅಳದ ಮಗುವಿನ ತಲೆಗೆ ಗಾಳಿ ಸಾಲದೆ ಹೋಯಿತು ಎಂದು ಡಾಕ್ಟರು ಹೇಳಿದರು. ಕತ್ತು ನಿಲ್ಲಲಿಲ್ಲ, ಫಿಟ್ಸ್ ಬರುತ್ತಿತ್ತು. ಎಲ್ಲಕ್ಕಿಂತ ದೊಡ್ಡ ತೊಂದರೆ ಎಂದರೆ ನುಂಗಲು ಬರುತ್ತಿರಲಿಲ್ಲ. ಬಾಯಿಗೆ ಹಾಕಿದ್ದು ಹೊಟ್ಟೆಗೆ ಹೋಗುವ ಬದಲು ಎದೆಗೆ ಇಳಿಯುತ್ತಿತ್ತು. ಹಾಗಾಗಿ ಮೂಗಿನಿಂದ ಹೊಟ್ಟೆಯವರೆಗೆ ಸಣ್ಣದೊಂದು ಪೈಪು ಇಳಿಸಿ, ಅದು ಕದಲದಂತೆ ಕೆನ್ನೆಗೆ ಟೇಪು ಅಂಟಿಸಿ ಮನೆಗೆ ಕಳಿಸಿದರು. ಹಾಲು, ಬಟ್ಟೆಯಲ್ಲಿ ಸೋಸಿದ ರಾಗಿ ಸರಿ, ಔಷಧಿ ಎಲ್ಲ ಅದರಲ್ಲೇ. ಸೂಜಿ ತೆಗೆದ ಸಿರಿಂಜನ್ನು ಪೈಪಿನ ತುದಿಗೆ ಸಿಕ್ಕಿಸಿ ಎತ್ತಿ ಹಿಡಿದರೆ ಹಾಲು ತನ್ನಷ್ಟಕ್ಕೆ ಇಳಿಯುತ್ತದೆ. ಒತ್ತಬಾರದು. ಇಳಿದ ಮೇಲೆ ಮಗುವನ್ನು ಮಲಗಿಸಬಾರದು, ಎದೆಗೆ ಒರಗಿಸಿಕೊಂಡು ಕೂತಿರಬೇಕು. ಮೊದಮೊದಲು ಒಬ್ಬಳೇ ಮಾಡಲು ಧೈರ್ಯ ಬರಲಿಲ್ಲ. ಆಮೇಲೆ ಹಸು ಕರೆದ ಹಾಗೆ ಅದೂ ಒಂದು ಕೆಲಸವಾಯಿತು.

ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ತೋರಿಸಲು ಬಸ್ಸಲ್ಲಿ ಹೋಗುವಾಗ ಜನ ಮುಖಕ್ಕೆ ಮುಖ ಇಟ್ಟು ನೋಡುತ್ತಿದ್ದರು. ಒಂದು ಸಲ ಒಬ್ಬಳು ಕೇಳಿಯೇ ಬಿಟ್ಟಳು, "ಮಗು ಮೂಗಿಗೆ ಯಾಕಮ್ಮ ಪೈಪು?"

"ಪೆಟ್ರೋಲ್ ಹಾಕೋಕೆ" ಎಂದೆ.

ಸುಜಾತ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಮಗುವನ್ನು ಮನೆಗೆ ತಂದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಪುಟ್ಟಮ್ಮನಿಗೆ ಎರಡು ತುಂಬುತ್ತ ಬಂದಾಗ ಡಾಕ್ಟರು ಒಂದು ದಾರಿ ಹೇಳಿದರು. ಮೂಗಿನ ಪೈಪು ಬಹಳ ಕಾಲ ಒಳ್ಳೆಯದಲ್ಲ. ಆಪರೇಷನ್ ಮಾಡಿ ನೇರವಾಗಿ ಹೊಟ್ಟೆಗೇ ಪೈಪು ಇಡಬಹುದು. ಗಂಟಲು ಬಿಡುವಾದರೆ ನುಂಗುವುದನ್ನು ನಿಧಾನವಾಗಿ ಕಲಿಸಿ ನೋಡಬಹುದು, ಕಲಿತರೂ ಕಲಿಯಬಹುದು. ಆದರೆ ಈಗಿರುವ ತೂಕಕ್ಕೆ ಮಗು ಆಪರೇಷನ್ ತಡೆಯುವುದಿಲ್ಲ. ತೂಕ ಬರಲಿ, ಚಳಿ ಮುಗಿಯಲಿ, ಅಲ್ಲಿವರೆಗೆ ಎದೆಗೆ ಕಫ ಕಟ್ಟದ ಹಾಗೆ ನೋಡಿಕೊಳ್ಳಿ ಎಂದರು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎನ್ನುವುದು ನಮ್ಮ ಲೆಕ್ಕ. ಶಿವರಾತ್ರಿ ದಾಟಿಸಬೇಕು. ಆ ಮಾಗಿಯಲ್ಲಿ ನಮ್ಮ ಮನೆಗೆ ಇದ್ದದ್ದು ಅದೊಂದೇ ಕೆಲಸ, ಮಿಕ್ಕಿದ್ದೆಲ್ಲ ಅದರ ಸಂದಿನಲ್ಲಿ.

ಮಿಕ್ಕಿದ್ದು ಎಂದರೆ ರೇಷ್ಮೆ. ನನ್ನ ಮಗ ಶಿವು ಹುಳು ಸಾಕುತ್ತಾನೆ. ಮನೆಯ ಹಿಂದೆಯೇ ಹುಳದ ಮನೆ. ಈ ಕೆಲಸ ಮಾಡುವವರಿಗೆ ಗೊತ್ತು, ಹುಳದಷ್ಟು ಸೂಕ್ಷ್ಮ ಜೀವ ಇನ್ನೊಂದಿಲ್ಲ. ಬಾಗಿಲಲ್ಲಿ ಬ್ಲೀಚಿಂಗ್ ನೀರಲ್ಲಿ ನೆನೆಸಿದ ಗೋಣಿಚೀಲ ಹಾಸಿರುತ್ತೇವೆ, ಅದನ್ನು ತುಳಿಯದೆ ಒಳಗೆ ಕಾಲಿಡುವ ಹಾಗಿಲ್ಲ. ಕೈ ತೊಳೆಯದೆ ಹಿಪ್ಪುನೇರಳೆ ಸೊಪ್ಪು ಮುಟ್ಟುವ ಹಾಗಿಲ್ಲ. ಹೊರಗಿನವರು ಬರುವ ಹಾಗೇ ಇಲ್ಲ. ಒಬ್ಬರ ಕೊಳಕು ಕೈಗೆ ಇಡೀ ಬೆಳೆ ಮಲಗಿಬಿಡುತ್ತದೆ. ನಾನು ಮದುವೆಯಾಗಿ ಬಂದಾಗಿನಿಂದ ಆ ಬಾಗಿಲು ಕಾದವಳು. ಮಗುವಿಗೆ ಸೋಂಕು ತಗಲಬಾರದು, ಬಂದವರೆಲ್ಲ ಮುಟ್ಟಬಾರದು ಎಂದು ಆಸ್ಪತ್ರೆಯಲ್ಲಿ ಹೇಳಿದಾಗ ಸುಜಾತ ಗಾಬರಿಯಾದಳು. ನನಗೆ ಅದು ಹೊಸದಲ್ಲ. ಬ್ಲೀಚಿಂಗ್ ವಾಸನೆ ಮಗುವಿನ ಎದೆಗೆ ಆಗುವುದಿಲ್ಲವೆಂದು ಸೋಪು ಇಟ್ಟೆ. ಮನೆ ಬಾಗಿಲಲ್ಲಿ ಒಂದು ಸ್ಟೂಲು, ಅದರ ಮೇಲೆ ನೀಲಿ ಬೇಸಿನ್. ಊರ ಗೌಡನೇ ಬಂದರೂ ತೊಳೆದೇ ಬರಬೇಕು.

ಊರಿನವರಿಗೆ ಸಿಟ್ಟು ಬಂತು. ಪಕ್ಕದ ಮನೆ ಮುನಿರತ್ನಮ್ಮ, "ನಾವೇನು ಮೈಲಿಗೆಯವರಾ? ಮಗೂನ ನೋಡೋಕೂ ತೊಳ್ಕೋಬೇಕಾ?" ಎಂದಳು.

"ಹುಳಕ್ಕೆ ತೊಳ್ಕೊತೀಯ. ಮಗೂಗೆ ತೊಳೆಯೋಕೆ ಕೈ ಸವೆಯುತ್ತಾ?"

ಅವಳು ತೊಳೆದುಕೊಂಡಳು, ಮುಖ ಊದಿಸಿಕೊಂಡು.

ಇನ್ನೊಬ್ಬಳು, ನನ್ನ ಗಂಡನ ಕಡೆಯ ನೆಂಟಳು, ಬೇರೆ ತರದ ಮಾತಾಡಿದಳು. ಕಾಫಿ ಕುಡಿಯುತ್ತ, ಸುಜಾತ ಒಳಗೆ ಇದ್ದಾಳೆಂದು ಗೊತ್ತಿದ್ದೂ, "ಸೊಪ್ಪು ತಿನ್ನದ ಹುಳಾನ ನಾವು ಆರಿಸಿ ಆಚೆಗೆ ಹಾಕಲ್ವಾ ಅಕ್ಕಾ? ಇಂಥದ್ದನ್ನ ದೇವರು ಬೇಗ ಕರ್ಕೊಂಡ್ರೆ ಅದಕ್ಕೂ ಒಳ್ಳೇದು, ನಿಮಗೂ ಒಳ್ಳೇದು" ಎಂದಳು.

"ನಿನ್ನ ಮೊಮ್ಮಗ ಸ್ಕೂಲಿಗೆ ಹೋಗೋ ವಯಸ್ಸಲ್ಲೂ ಚಡ್ಡೀಲಿ ಉಚ್ಚೆ ಹೊಯ್ಕೋತಾನೆ. ಅವನನ್ನ ಯಾವ ತಿಪ್ಪೆಗೆ ಹಾಕ್ತೀಯ ಹೇಳು, ನಾನೂ ಅಲ್ಲಿಗೇ ಬರ್ತೀನಿ" ಎಂದೆ. ಕಾಫಿ ಅರ್ಧಕ್ಕೇ ಇಟ್ಟು ಎದ್ದುಹೋದಳು. ಸುಜಾತ ಆ ಲೋಟವನ್ನು ಎರಡು ಸಲ ತೊಳೆದಳು.

ಮಗು ಏನೂ ಅರಿಯದ್ದು ಎಂದು ಜನ ತಿಳಿದಿದ್ದರು. ಅರಿಯುತ್ತಿತ್ತು. ಶಿವು ಸೊಪ್ಪಿನ ಹೊರೆ ಇಳಿಸುವ ಸದ್ದಿಗೆ ಕಣ್ಣು ಹೊರಳಿಸುತ್ತಿತ್ತು. ನನ್ನ ಬೈಗುಳಕ್ಕೆ ನಗುತ್ತಿತ್ತು. ಮೆತ್ತಗೆ ಮಾತಾಡಿದರೆ ನಗುತ್ತಿರಲಿಲ್ಲ, ಬೈಯಬೇಕಿತ್ತು. ಮತ್ತೆ ವಾಸನೆ. ಮೂಗಿನ ಒಂದು ಹೊಳ್ಳೆಯಲ್ಲಿ ಪೈಪು ಇದ್ದರೂ ಇನ್ನೊಂದರಲ್ಲಿ ಎಲ್ಲ ತಿಳಿಯುತ್ತಿತ್ತು. ಒಗ್ಗರಣೆ ಹಾಕಿದರೆ ಮುಖ ಅಡಿಗೆಮನೆ ಕಡೆಗೆ. ಅವರೆಕಾಯಿ ಬಂದ ಮೇಲಂತೂ, ಕಾಳಿನ ಸಿಪ್ಪೆ ಹಿದುಕಿ ಮಾಡಿದ ಹಿದಕಬೇಳೆ ಸಾರು ಕುದಿಯುವಾಗ ತುಟಿ ಆಡಿಸುತ್ತಿತ್ತು. ಅದನ್ನು ನೋಡಿ ನಾವು ಮೂವರೂ ಸಾರು ಉಣ್ಣುವುದನ್ನು ಅದರ ಕಣ್ಣಿಗೆ ಬೀಳದ ಹಾಗೆ ಅಡಿಗೆಮನೆ ಮೂಲೆಗೆ ಬದಲಾಯಿಸಿದೆವು, ಕಳ್ಳರ ತರ.

ತೂಕ ಬರುತ್ತಿತ್ತು. ಶಿವು ಸೊಪ್ಪು ತೂಗುವ ತಕ್ಕಡಿಯನ್ನು ತೊಳೆದು, ತೊಲೆಗೆ ನೇತುಹಾಕಿ, ಅದಕ್ಕೆ ಹಳೇ ಸೀರೆಯ ಜೋಲಿ ಕಟ್ಟಿ ವಾರಕ್ಕೊಮ್ಮೆ ತೂಗುತ್ತಿದ್ದ. ಅವನು ಮಾತು ಕಡಿಮೆ. ಮುಳ್ಳು ಒಂದು ಗೀಟು ಮುಂದೆ ಹೋದ ದಿನ ಹುಳದ ಮನೆಯಲ್ಲಿ ಸಿಳ್ಳೆ ಹಾಕುತ್ತಿದ್ದ. ಆ ಸಿಳ್ಳೆ ಕೇಳಿದರೆ ತೂಕ ಬಂದಿದೆ ಎಂದು ನನಗೆ ಗೊತ್ತಾಗುತ್ತಿತ್ತು.

ಸಂಕ್ರಾಂತಿಗೆ ರತ್ನ ಬಂದಳು. ಅವಳಿಗೆ ಮಕ್ಕಳಾಗಲಿಲ್ಲ. ಶಿವುವನ್ನು ಎತ್ತಿ ಆಡಿಸಿದವಳು, ಈಗ ಪುಟ್ಟಮ್ಮ ಎಂದರೆ ಪ್ರಾಣ. ಅವಳ ಗಂಡನ ಮನೆಯಲ್ಲಿ ತೆಲುಗು, ಹಾಗಾಗಿ ಮುದ್ದು ಬಂದರೆ ಅವಳ ಬಾಯಲ್ಲಿ ತೆಲುಗೇ ಬರುತ್ತದೆ. "ನಾ ಬಂಗಾರು ತಲ್ಲಿ, ನನ್ನ ಬಂಗಾರದಮ್ಮ" ಎಂದು ಕೈ ಚಾಚಿಕೊಂಡು ನುಗ್ಗಿದವಳನ್ನು ಬಾಗಿಲಲ್ಲೇ ತಡೆದೆ.

"ಮೊದ್ಲು ಬೇಸಿನ್ನು. ಆಮೇಲೆ ಬಂಗಾರ."

"ಅಯ್ಯೋ ತೊಳ್ಕೊತೀನಿ ಕಣಕ್ಕಾ. ಮೊಣಕೈವರೆಗೂ ತೊಳ್ಕೊತೀನಿ. ನಿನ್ನ ಬಿಟ್ರೆ ನನ್ನನ್ನೇ ಸೋಪಲ್ಲಿ ನೆನೆಸಿಡ್ತೀಯ."

ಅವಳು ಇದ್ದಷ್ಟು ದಿನವೂ ಹಾಗೇ ತೊಳೆದಳು. ಮಗುವನ್ನು ಮುಟ್ಟುವ ಮುಂಚೆ ಪ್ರತಿ ಸಲ, ಉಗುರು ಸಂದೂ ಬಿಡದೆ. ನನಗೆ ಸಮಾಧಾನವಾಗಿತ್ತು. ಬಾಯಿಗೆ ಏನೂ ಕೊಡಬೇಡ ಎಂದು ಅವಳಿಗೆ ಎಲ್ಲರೂ ಹೇಳಿದ್ದೆವು. ಆದರೆ ಯಾಕೆ ಎನ್ನುವುದು ಅವಳ ತಲೆಗೆ ಬೇರೆ ರೀತಿಯಲ್ಲಿ ಇಳಿದಿತ್ತು. ಹುಳದ ಮನೆಯಲ್ಲಿ ಬೆಳೆದವಳು ಅವಳೂ. ರೋಗ ಬರುವುದು ಕೊಳಕು ಕೈಯಿಂದ, ಶುದ್ಧವಾದ ಕೈಯಲ್ಲಿ ಹಾಕಿದ ಸೊಪ್ಪು ಯಾವ ಹುಳಕ್ಕೂ ಕೆಡುಕು ಮಾಡುವುದಿಲ್ಲ. ಆ ಪಾಠ ನಮಗೆ ಹಾಲಿನ ಜೊತೆ ಬಂದದ್ದು.

ಹಬ್ಬದ ದಿನವೇ ಹುಳು ಹಣ್ಣಾದವು. ಹಣ್ಣಾದ ಹುಳು ಹಬ್ಬ ನೋಡುವುದಿಲ್ಲ. ಮೈ ಹಳದಿಗೆ ತಿರುಗಿ ತಲೆ ಎತ್ತಿದವನ್ನು ತಕ್ಷಣ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಂಕಿಗೆ ಬಿಡಬೇಕು. ತಡವಾದರೆ ಬಾಯಲ್ಲಿನ ನೂಲು ಎಲ್ಲೆಂದರಲ್ಲಿ ಹೋಗಿ ಬೆಳೆ ಹಾಳು. ಹಿದಕಬೇಳೆ ಸಾರಿನ ಅಡಿಗೆ ಮುಗಿಸಿ ಇನ್ನೂ ಎಲೆ ಹಾಕಿರಲಿಲ್ಲ, ಶಿವು ಕೂಗಿದ. ನಾನೂ ಸುಜಾತನೂ ಓಡಿದೆವು. ಪುಟ್ಟಮ್ಮನಿಗೆ ಆಗಷ್ಟೇ ಹಾಲು ಇಳಿಸಿ ಆಗಿತ್ತು. ರತ್ನ ಅದನ್ನು ಎದೆಗೆ ಒರಗಿಸಿಕೊಂಡು ಕೂತಳು.

ನಾವು ವಾಪಸ್ಸು ಬಂದಾಗ ಎಲ್ಲ ಸರಿಯಾಗಿಯೇ ಇತ್ತು. ಮಗು ಸ್ವಲ್ಪ ಕೆಮ್ಮುತ್ತಿತ್ತು. ಕೆಮ್ಮು ಅದಕ್ಕೆ ಹೊಸದಲ್ಲ. ಕಫ ಎಳೆಯುವ ಮಷಿನ್ನು ಹಾಕಿ ಎಳೆದೆವು. ಮಾರನೇ ದಿನ ಬೆಳಿಗ್ಗೆ ಮೈ ಕಾದಿತ್ತು. ಉಸಿರು ಎಳೆದಾಗ ಪಕ್ಕೆ ಒಳಗೆ ಹೋಗುತ್ತಿತ್ತು, ಮೂಗಿನ ಹೊಳ್ಳೆ ಅರಳುತ್ತಿತ್ತು. ಶಿವು ಬಾಡಿಗೆ ಕಾರು ತಂದ. ನಾಲ್ವರೂ ಹೊರಟೆವು.

ಆಸ್ಪತ್ರೆಯಲ್ಲಿ ಎದೆಯ ಫೋಟೋ ತೆಗೆದರು. ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು, "ಬಾಯಿಗೆ ಏನಾದರೂ ಕೊಟ್ಟಿರಾ?" ಎಂದು ಕೇಳಿದರು.

"ಇಲ್ಲ ಮೇಡಂ" ಎಂದಳು ಸುಜಾತ. "ಇಲ್ಲ" ಎಂದ ಶಿವು. ನಾನೂ ತಲೆ ಆಡಿಸಿದೆ.

ಹಿಂದಿನಿಂದ ರತ್ನ, "ನಾನು ಕೊಟ್ಟೆ" ಎಂದಳು.

ಅವಳು ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎಲ್ಲರೂ ತಿರುಗಿ ನೋಡಿದೆವು. ಅವಳು ಎರಡು ಕೈಯನ್ನೂ ಮುಂದೆ ಚಾಚಿದ್ದಳು, ತೋರಿಸುವವಳ ಹಾಗೆ.

"ಹಬ್ಬದ ದಿನ ಮಗು ಬಾಯಿ ಚಪ್ಪರಿಸ್ತಿತ್ತು. ಒಂದೇ ಒಂದು ತುತ್ತು. ಕೈ ತೊಳ್ಕೊಂಡೇ ಕೊಟ್ಟೆ ಕಣಕ್ಕಾ. ಚೆನ್ನಾಗಿ ತೊಳ್ಕೊಂಡೇ ಕೊಟ್ಟೆ."

ಡಾಕ್ಟರಮ್ಮ ಬೈಯಲಿಲ್ಲ. "ಅದರಿಂದ ಆಗಿರಬಹುದು. ಅದರಿಂದಲೇ ಅಂತ ಹೇಳೋಕೂ ಆಗಲ್ಲ. ಈ ಮಕ್ಕಳಿಗೆ ತಮ್ಮ ಜೊಲ್ಲೇ ಎದೆಗೆ ಇಳಿಯುತ್ತೆ. ಚಳಿ ಬೇರೆ" ಎಂದರು. ನಾನು ಎರಡು ಮಾತನ್ನೂ ಕೇಳಿಸಿಕೊಂಡೆ. ಸುಜಾತ ಮೊದಲನೆಯದನ್ನು ಮಾತ್ರ ಕೇಳಿಸಿಕೊಂಡಳು. ರತ್ನನೂ ಅಷ್ಟೇ.

"ಇವರನ್ನ ಇಲ್ಲಿಂದ ಕಳಿಸಿ ಅತ್ತೆ" ಎಂದಳು ಸುಜಾತ. ಕೂಗಲಿಲ್ಲ. ನಾನು ರತ್ನನನ್ನು ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ಚಿಂತಾಮಣಿ ಬಸ್ಸು ಹತ್ತಿಸಿದೆ. ಕಿಟಕಿಯಲ್ಲಿ ಕೂತು ಅವಳು ಅದನ್ನೇ ಹೇಳುತ್ತಿದ್ದಳು, ಕೈ ತೊಳೆದದ್ದನ್ನು. "ಗೊತ್ತು, ಸುಮ್ನಿರು" ಎಂದೆ. ನಿನ್ನದು ತಪ್ಪಿಲ್ಲ ಎನ್ನಲು ನನ್ನ ನಾಲಿಗೆ ಏಳಲಿಲ್ಲ. ತಪ್ಪು ಎನ್ನಲೂ ಏಳಲಿಲ್ಲ.

ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಕಳಿಸಿದರು. ಅಲ್ಲಿ ಬಾಯಿಗೂ ಪೈಪು ಹಾಕಿ ಮಷಿನ್ನಿಗೆ ಸೇರಿಸಿದರು. ಗಾಜಿನಾಚೆ ನಿಂತು ನೋಡಬೇಕು, ಹೊತ್ತಿಗೆ ಒಬ್ಬರು ಮಾತ್ರ ಒಳಗೆ. ಒಳಗೆ ಹೋಗುವ ಮುಂಚೆ ಕೈ ತೊಳೆಯಲು ಅಲ್ಲೂ ಒಂದು ನಲ್ಲಿ. ನನ್ನ ಸರದಿ ಬಂದಾಗ ನಾನು ಅದನ್ನು ಬೈದೆ, ಎಂದಿನ ಹಾಗೆ. "ಏನೇ ಸೋಮಾರಿ, ಎದ್ದೇಳೇ, ನಿಮ್ಮಪ್ಪ ತಕ್ಕಡಿ ಕಟ್ಟಿ ಕೂತವನೆ" ಎಂದೆ. ಒಂದು ಸಲ ರೆಪ್ಪೆ ಅಲ್ಲಾಡಿತು. ಆಮೇಲೆ ಅದೂ ಇಲ್ಲ.

ಶಿವರಾತ್ರಿ ಇನ್ನೂ ಬಂದಿರಲಿಲ್ಲ. ಮಗುವನ್ನು ಮಡಿಲಲ್ಲಿ ಇಟ್ಟುಕೊಂಡೇ ಸುಜಾತ ಊರಿಗೆ ಬಂದಳು. ಮುಖದ ಮೇಲೆ ಪೈಪೂ ಇಲ್ಲ, ಟೇಪೂ ಇಲ್ಲ. ಟೇಪು ಇದ್ದ ಜಾಗದಲ್ಲಿ ಕೆನ್ನೆ ಬೆಳ್ಳಗೆ ಚೌಕವಾಗಿ ಉಳಿದಿತ್ತು. ಇಷ್ಟು ಚೆನ್ನಾಗಿದ್ದಾಳೆ ಎಂದು ನಮಗೇ ಗೊತ್ತಿರಲಿಲ್ಲ. ತೋಟದ ಮೂಲೆಯಲ್ಲಿ ಮಣ್ಣು ಮಾಡಿದೆವು.

ನಾವು ಆಸ್ಪತ್ರೆಯಲ್ಲಿದ್ದಾಗ ಚಂದ್ರಂಕಿಯಿಂದ ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿ ಬಂದವರು ಮುನಿರತ್ನಮ್ಮ ಮತ್ತು ಅವಳ ಗಂಡ. ಮುಖ ಊದಿಸಿಕೊಂಡವಳೇ. ಹುಳದ ಮನೆಗೆ ಹೋಗುವ ಮುಂಚೆ ಗೋಣಿಚೀಲ ತುಳಿದೇ ಹೋದೆ ಎಂದು ನನಗೆ ಹೇಳಿದಳು. ಆ ಸಲದ ಗೂಡು ಗಟ್ಟಿಯಾಗಿತ್ತಂತೆ, ಬೆಳ್ಳಗಿತ್ತಂತೆ. ಒಂದು ಹುಳಕ್ಕೂ ರೋಗ ಬಂದಿರಲಿಲ್ಲ.

ಆಮೇಲೆ ಮನೆಯಲ್ಲಿ ಒಂದೊಂದಾಗಿ ವಸ್ತು ಹೋದವು. ಕಫದ ಮಷಿನ್ನನ್ನು ಪೆರೇಸಂದ್ರ ಕಡೆಯ ಇನ್ನೊಂದು ಮಗುವಿಗೆ ಕೊಟ್ಟೆವು. ತಕ್ಕಡಿಗೆ ಕಟ್ಟಿದ್ದ ಜೋಲಿಯನ್ನು ಶಿವು ಬಿಚ್ಚಿದ. ತಕ್ಕಡಿ ಸೊಪ್ಪಿಗೆ ಬೇಕು. ಸಿಳ್ಳೆ ನಿಂತುಹೋಯಿತು. ಬೇಸಿನ್ ಮಾತ್ರ ಹೋಗಲಿಲ್ಲ. ಶಿವು ಒಂದು ದಿನ ಅದನ್ನು ಎತ್ತಿ ಬಚ್ಚಲಲ್ಲಿ ಇಟ್ಟ. ಸಂಜೆಗೆ ಅದು ಮತ್ತೆ ಸ್ಟೂಲಿನ ಮೇಲೆ ಇತ್ತು. ಸುಜಾತ ದಿನಾ ಬೆಳಿಗ್ಗೆ ಹಳೇ ನೀರು ಚೆಲ್ಲಿ, ಉಜ್ಜಿ, ಹೊಸ ನೀರು ತುಂಬುತ್ತಾಳೆ. ಯಾಕೆ ಎಂದು ನಾನು ಕೇಳಲಿಲ್ಲ. ಮುದುಕರು ಎಲ್ಲವನ್ನೂ ಕೇಳಬೇಕು ಎಂದೇನೂ ಇಲ್ಲ.

ಈಗ ರತ್ನ ಆ ಬೇಸಿನ್ನಿನ ಮುಂದೆ ನಿಂತಿದ್ದಾಳೆ. ಕೈ ಮುಂದೆ ತಂದಳು, ಮತ್ತೆ ಹಿಂದಕ್ಕೆ ಎಳೆದುಕೊಂಡಳು.

"ನಾನು ಹೋಗ್ತೀನಿ ಅಕ್ಕಾ. ಕಾಯಿ ಕೊಟ್ಟು ಹೋಗೋಣ ಅಂತ ಬಂದೆ ಅಷ್ಟೆ."

ಅಷ್ಟರಲ್ಲಿ ಸುಜಾತ ಸೊಪ್ಪಿನ ಕುಕ್ಕೆ ಹಿಡಿದುಕೊಂಡು ಹಿತ್ತಲಿಂದ ಬಂದಳು. ನೋಡಿದಳು. ಕುಕ್ಕೆ ಕೆಳಗಿಟ್ಟಳು. ಚೀಲದ ಬಾಯಿ ಬಿಚ್ಚಿ ಒಂದು ಕಾಯಿ ತೆಗೆದು ಮೂಗಿಗೆ ಹಿಡಿದಳು.

"ಎಷ್ಟೊತ್ತು ನಿಂತ್ಕೊತೀರ ಚಿಕ್ಕತ್ತೆ? ಕೈ ತೊಳ್ಕೊಂಡು ಬನ್ನಿ. ಕಾಯಿ ಬಿಡಿಸ್ಬೇಕು" ಎಂದಳು.

ರತ್ನ ತೊಳೆದಳು. ಮೊಣಕೈವರೆಗೆ. ಬಹಳ ಹೊತ್ತು ತೊಳೆದಳು.

ಕಾಯಿ ಬಿಡಿಸಿ, ಕಾಳು ನೆನೆಹಾಕಿ, ಸಾಯಂಕಾಲ ಮೂವರೂ ಪಾತ್ರೆ ಸುತ್ತ ಕೂತು ಹಿದುಕತೊಡಗಿದೆವು. ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಂಗನೆ ಪಾತ್ರೆಯ ನೀರಿಗೆ ಬೀಳುತ್ತದೆ. ಮಳೆ, ಸೊಪ್ಪಿನ ರೇಟು, ಮಂಚೇನಹಳ್ಳಿಯಲ್ಲಿ ಸುಜಾತಳ ಅಣ್ಣ ಕಟ್ಟಿಸುತ್ತಿರುವ ಮನೆ, ಎಲ್ಲ ಮಾತಾಡಿ ಮುಗಿಯಿತು. ಆಮೇಲೆ ಸುಜಾತ ಪಾತ್ರೆಯಿಂದ ಕಣ್ಣೆತ್ತದೆ ಕೇಳಿದಳು.

"ಚಿಕ್ಕತ್ತೆ, ಅವತ್ತು ಅವಳು ಹೆಂಗೆ ತಿಂದ್ಲು?"

ರತ್ನನ ಕೈ ನಿಂತಿತು. ನನ್ನ ಮುಖ ನೋಡಿದಳು.

"ಕೇಳ್ತಾ ಇದಾಳಲ್ಲ, ಹೇಳು" ಎಂದೆ. ಪುಟ್ಟಮ್ಮ ಹುಟ್ಟಿ ಸಾಯುವವರೆಗೆ ಬಾಯಲ್ಲಿ ಉಂಡದ್ದು ಅದೊಂದೇ ತುತ್ತು. ಅದನ್ನು ಕಂಡವಳು ಇವಳೊಬ್ಬಳೇ. ಇಷ್ಟು ದಿನ ಅದು ನನಗೆ ಹೊಳೆದಿರಲಿಲ್ಲ.

"ಎರಡು ಬೇಳೆ, ಚೂರು ಅನ್ನ" ಎಂದಳು ರತ್ನ. "ಬೆರಳಲ್ಲಿ ನುಣ್ಣಗೆ ಮಾಡಿ ನಾಲಿಗೆ ಮೇಲಿಟ್ಟೆ. ಮೊದ್ಲು ಮುಖ ಕಿವುಚಿದ್ಲು, ಖಾರ ಆಯ್ತೇನೋ. ಆಮೇಲೆ ನಾಲಿಗೇನ ಹಿಂಗೆ, ಹಿಂಗೆ ಆಡಿಸಿದ್ಲು. ಚಪ್ಪರಿಸಿದ್ಲು ತಲ್ಲಿ. ಸದ್ದು ಬರೋ ಹಂಗೆ. ಕಣ್ಣು ಇಷ್ಟಗಲ ಮಾಡಿ ನನ್ನೇ ನೋಡಿದ್ಲು."

"ನಕ್ಕಳಾ?"

"ನಗಲಿಲ್ಲ. ಮತ್ತೆ ಬಾಯಿ ತೆರೆದ್ಲು."

"ಮತ್ತೆ ಕೊಟ್ರಾ?"

"ಇಲ್ಲಮ್ಮ. ಹುಳದ ಮನೆ ಬಾಗಿಲು ಸದ್ದಾಯ್ತು. ನೀವು ಬರ್ತೀರೇನೋ ಅಂತ ಹೆದರಿ ತಟ್ಟೆ ಮುಚ್ಚಿಟ್ಟೆ."

ಸುಜಾತ ಒಂದು ಕಾಳು ಹಿದುಕಿದಳು, ಇನ್ನೊಂದು ಹಿದುಕಿದಳು. ಬೇಳೆ ಪಾತ್ರೆಗೆ ಬೀಳದೆ ನೆಲಕ್ಕೆ ಬಿತ್ತು. ಅದನ್ನು ಹೆಕ್ಕಿ, ಸೆರಗಲ್ಲಿ ಒರೆಸಿ, ಕೈಯಲ್ಲೇ ಹಿಡಿದುಕೊಂಡಳು.

"ಇನ್ನೊಂದು ತುತ್ತು ಕೊಡ್ಬೇಕಿತ್ತು ನೀವು" ಎಂದಳು.

ನಾನು ಎದ್ದು ಒಲೆ ಹಚ್ಚಿದೆ. ಹಿದುಕಿದ ಬೇಳೆಯನ್ನು ಬಹಳ ಹೊತ್ತು ನೀರಲ್ಲಿ ಬಿಡಬಾರದು, ಸೊಗಡು ಹೋಗಿಬಿಡುತ್ತದೆ.